ಗರತಿ, ಅತ್ತೆ, ಸವತಿ: ಮೈಸೂರು ಸೀಮೆಯ ಹಾಡುಗಳಲ್ಲಿ ಹೆಣ್ಣು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಹಳ್ಳಿಹಾಡುಗಳಲ್ಲಿ ಹೆಣ್ಣಿಗೆ ಸಿಗುವ ಪಾತ್ರಗಳು ಕೆಲವೇ: ತವರಿನ ಮಗಳು, ಗರತಿ, ಕಾಟ ಕೊಡುವ ಅತ್ತೆ, ಚಾಡಿ ಹೇಳುವ ನಾದಿನಿ, ಸವತಿ, ಬಂಜೆ. ಗಂಡಸಿಗೆ ಇನ್ನೂ ಕಡಿಮೆ. ಅಣ್ಣ ಕರೆಯಲು ಬರುತ್ತಾನೆ. ಗಂಡ ಬಾಯಿ ಬಿಡುವುದೇ ಅಪರೂಪ. ಆದರೆ ಹಾಡುವವರು ಬದಲಾದಂತೆ ಈ ಪಾತ್ರಗಳ ಬಣ್ಣವೂ ಬದಲಾಗುತ್ತದೆ.

ಕೋಳಿ ಕೂಗುವ ಹೊತ್ತಿಗೆ ರಾಗಿಕಲ್ಲಿನ ಮುಂದೆ ಕೂತವಳು ಮೊದಲು ಕಲ್ಲನ್ನೂ ದೇವರನ್ನೂ ನೆನೆದು, ಆಮೇಲೆ ತವರಿನ ಸಿರಿಗೆ, ಅತ್ತೆಮನೆಯ ಬವಣೆಗೆ ಬರುತ್ತಿದ್ದಳು. ದೂರೆಲ್ಲ ಅತ್ತೆ, ನಾದಿನಿಯರ ಮೇಲೆಯೇ. ಕೆಲಸ ಹಂಚುವುದು, ಉಣ್ಣಲು ಬಡಿಸುವುದು ಅತ್ತೆಯ ಕೈಯಲ್ಲಿತ್ತು. ಗಂಡನ ಹೆಸರೆತ್ತುವುದೇ ಸಲ್ಲದ ಮನೆಯಲ್ಲಿ ಅವನನ್ನು ದೂರುವುದು ಎಲ್ಲಿಂದ ಬಂತು? ಮೈನೆರೆದ ಹುಡುಗಿಯನ್ನು ಹಸಿರು ಸೊಪ್ಪಿನ ಗುಡ್ಲಿನಲ್ಲಿ ಕೂರಿಸಿದಾಗ, ಹೆಣ್ಣೊಪ್ಪಿಸುವಾಗ ಹಾಡುವ ಸೋಬಾನೆಗಳು ತಗ್ಗಿ ಬಗ್ಗಿ ಬಾಳು ಎಂದು ಬುದ್ಧಿ ಹೇಳುತ್ತವೆ. ಅದೇ ಚಪ್ಪರದಲ್ಲಿ ಬೀಗರನ್ನು ಜರಿಯುವ ಸರದಿಯೂ ಬರುತ್ತದೆ. ಆಗ ಮದುವೆಗಂಡಿನ ಮೂತಿ, ಬೀಗಿತ್ತಿಯ ನಡಿಗೆ, ಗಂಡಿನ ಕಡೆಯವರ ಜಿಪುಣತನ ಯಾವುದಕ್ಕೂ ರಿಯಾಯಿತಿ ಇಲ್ಲ. ಮುನಿಸಿಕೊಳ್ಳುವಂತೆಯೂ ಇಲ್ಲ.

ಬರಹದ ಲೋಕದಲ್ಲೂ ಈ ಇಬ್ಬಂದಿ ಹಳೆಯದೇ. ಚಿಕ್ಕದೇವರಾಜ ಒಡೆಯರ (1673–1704) ಆಶ್ರಯದಲ್ಲಿದ್ದ ಸಂಚಿಯ ಹೊನ್ನಮ್ಮ, ಹಾಡಿಕೆಗೆ ಒಗ್ಗುವ ಸಾಂಗತ್ಯದಲ್ಲಿ 'ಹದಿಬದೆಯ ಧರ್ಮ' ಬರೆದು ಪತಿವ್ರತೆಯ ನಡತೆ ಕಲಿಸಿದಳು. ಹೆಣ್ಣನ್ನು ಕೀಳೆಂದು ಕಾಣುವವರನ್ನು ಅದೇ ಕಾವ್ಯದಲ್ಲಿ ತರಾಟೆಗೂ ತೆಗೆದುಕೊಂಡಳು.

ಗಂಡಸರು ಹಾಡುವ ದೊಡ್ಡ ಕಾವ್ಯಗಳಲ್ಲಿ ಹೆಣ್ಣು ಪರೀಕ್ಷೆಗೆ ನಿಲ್ಲುತ್ತಾಳೆ. ಕಂಸಾಳೆಯ ದೇವರಗುಡ್ಡರು ಹಾಡುವ ಮಲೆಮಾದೇಶ್ವರ ಕಾವ್ಯದಲ್ಲಿ 'ಸಂಕಮ್ಮನ ಸಾಲು' ಇದಕ್ಕೆ ಹೆಸರುವಾಸಿ. ಸೋಲಿಗರ ನೀಲೇಗೌಡ ಹೆಜ್ಜೇನು ಮಲೆಗೆ ಹೊರಡುವ ಮುಂಚೆ, ತಾನಿಲ್ಲದಾಗ ತಪ್ಪಿ ನಡೆಯುವುದಿಲ್ಲವೆಂದು ಭಾಷೆ ಕೊಡು ಎಂದು ಮಕ್ಕಳಿಲ್ಲದ ಹೆಂಡತಿಯನ್ನು ಪೀಡಿಸುತ್ತಾನೆ. ಸಂಕಮ್ಮ ಒಪ್ಪುವುದಿಲ್ಲ. ಅವನು ಹಿಂಸೆ ಕೊಟ್ಟು, ಗುಡಿಸಲಲ್ಲಿ ಕೂಡಿಹಾಕಿ ಹೋಗುತ್ತಾನೆ. ಮಾದಪ್ಪ, ಅಂದರೆ ಮಾದೇಶ್ವರ, ಬಂದು ಬಿಡಿಸಿ, ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳ ವರ ಕೊಡುತ್ತಾನೆ. ಕೇಳುಗರ ಮರುಕವೆಲ್ಲ ಸಂಕಮ್ಮನ ಕಡೆಗೇ. ಸಂಶಯದ ಗಂಡನನ್ನು ಕಥೆ ಮೆಚ್ಚುವುದಿಲ್ಲ. ಆದರೂ ಅವಳ ಗೌರವ ಮರಳುವುದು ಗಂಡುಮಕ್ಕಳ ಮೂಲಕವೇ, ಬಂಜೆಯೆಂಬ ಹಣೆಪಟ್ಟಿ ಕಳಚಿದ ಮೇಲೆ.

ನಂಜುಂಡ–ಚಾಮುಂಡಿಯರ ಹಾಡುಗಳು ಇನ್ನೂ ಮೋಜಿನವು. ಮಹಿಷನನ್ನು ಕೊಂದ ದೇವಿ ಇಲ್ಲಿ ನಂಜುಂಡನಿಗೆ ಒಲಿದವಳು, ಅವನ ಹೆಂಡತಿ ದೇವೀರಿಗೆ ಸವತಿ. ಇಬ್ಬರೂ ಊರ ಹೆಂಗಸರಂತೆ ಬೈದಾಡುತ್ತಾರೆ. ಜಗಳಕ್ಕೆ ಕಾರಣನಾದವನು ಸಲೀಸಾಗಿ ಪಾರಾಗುತ್ತಾನೆ.

ನೀಲಗಾರರ ಮಂಟೇಸ್ವಾಮಿ ಪರಂಪರೆಯಲ್ಲಿ ಬೇರೊಂದು ದಾರಿಯೂ ಇದೆ. ಕೆ.ಆರ್. ನಗರ ತಾಲ್ಲೂಕಿನ ಕಾವೇರಿ ದಡದ ಕಪ್ಪಡಿಯಲ್ಲಿ ರಾಚಪ್ಪಾಜಿಯ ಜೊತೆಗೆ ಚನ್ನಾಜಮ್ಮನಿಗೂ ಪೂಜೆ ಸಲ್ಲುತ್ತದೆ. ಯಾರ ಹೆಂಡತಿ, ಎಷ್ಟು ಮಕ್ಕಳ ತಾಯಿ ಎಂಬ ಲೆಕ್ಕದ ಹೊರಗೆ ನಿಂತು ಪೂಜೆಗೊಳ್ಳುವ ಹೆಣ್ಣು ಅವಳು.

ಅಚ್ಚಿಗೆ ಬಂದಾಗ ಮುಂದೆ ನಿಂತವಳು ಗರತಿ. ಹಲಸಂಗಿ ಗೆಳೆಯರ 'ಗರತಿಯ ಹಾಡು' ಬಂದದ್ದು 1931ರಲ್ಲಿ. ಎರಡು ವರ್ಷದ ಮೇಲೆ, ಕೆ.ಆರ್. ನಗರಕ್ಕೆ ದೂರವಲ್ಲದ ಬಂಡಿಹೊಳೆಯ ಅರ್ಚಕ ಬಿ. ರಂಗಸ್ವಾಮಿಯವರು ತಮ್ಮೂರಿನ ಬದುಕನ್ನೂ ಪದಗಳನ್ನೂ 'ಹುಟ್ಟಿದ ಹಳ್ಳಿ–ಹಳ್ಳಿಯ ಹಾಡು' ಪುಸ್ತಕದಲ್ಲಿ ದಾಖಲಿಸಿದರು. ಪಿ.ಕೆ. ರಾಜಶೇಖರ ಅವರು ಮಾದೇಶ್ವರ ಕಾವ್ಯ ಪ್ರಕಟಿಸಿದ್ದು 1970ರ ದಶಕದಲ್ಲಿ. ಅಷ್ಟು ಹೊತ್ತಿಗೆ ಹಿಟ್ಟಿನ ಗಿರಣಿ ರಾಗಿಕಲ್ಲಿನ ಕೆಲಸ ಕಿತ್ತುಕೊಳ್ಳುತ್ತಿತ್ತು. ಹಾಡುಗಳು ರೇಡಿಯೋ, ಕ್ಯಾಸೆಟ್ಟು, ವೇದಿಕೆಗೆ ಹೋದಾಗ ತವರಿನ ಪದಗಳು ಸುಲಭವಾಗಿ ಹೊಂದಿಕೊಂಡವು. ಎದುರಿಗೆ ಬೈಸಿಕೊಳ್ಳಲು ಬೀಗರೇ ಬೇಕಾದ ಹಾಡುಗಳು ಮಾತ್ರ ಮದುವೆ ಚಪ್ಪರ ಬಿಟ್ಟು ದೂರ ಹೋಗಲಿಲ್ಲ.