ಒಂದು ಪ್ಲಾಟು, ಒಂದು ಉರ್ದು ಕಾಗದ, ಇಬ್ಬರು ಅಕ್ಕಂದಿರು

ಅಪ್ಪನಿಗೆ ರಿಟೈರ್ ಆದ ದುಡ್ಡಲ್ಲಿ ಸೇಡಂ ಊರಂಚಿಗೆ ಒಂದು ಪ್ಲಾಟು ತಗೊಂಡು ಮನೆ ಕಟ್ಟಿಸುವ ಆಸೆ. "ಎನ್.ಎ. ಆಗ್ಯಾದ, ಪಹಣಿ ಕ್ಲಿಯರ್ ಅದ, ನೀ ಸುಮ್ನ ಬಾ" ಅಂತ ಫೋನ್ ಮಾಡಿದ್ರು. ನಾನೋ ಕೋಡು ಬರೆಯೋನು, ಹಿಸ್ಟರಿ ನೋಡದೆ ಏನನ್ನೂ ನಂಬೋನಲ್ಲ. ಹಾಗೆ ನೋಡಲು ಹೋಗಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ತಿದ್ದೇನೆ..

ಅಮೆರಿಕದಲ್ಲಿರೋ ಗೆಳೆಯ ಮನೆ ಕೊಂಡಾಗ ಟೈಟಲ್ ಕಂಪನಿಯೇ ಹಳೆ ದಾಖಲೆ ಹುಡುಕಿ, ಒಂದು ಸಲ ಪ್ರೀಮಿಯಂ ಕಟ್ಟಿಸಿಕೊಂಡು ವಿಮೆ ಕೊಟ್ಟಿತ್ತು. ಅದರ ಹಿಂದೆ ಒಂದು ಕಥೆ ಇದೆ. ಪೆನ್ಸಿಲ್ವೇನಿಯಾದಲ್ಲಿ ವಾಟ್ಸನ್ ಎಂಬಾತ ಜಮೀನು ಕೊಂಡು, ಅದರ ಮೇಲಿದ್ದ ಹಳೆ ಸಾಲದಿಂದ ಕಳಕೊಂಡ. ದಾಖಲೆ ನೋಡಿಕೊಟ್ಟ ಮ್ಯೂರ್‌ಹೆಡ್ ವಕೀಲರ ಮಾತು ನಂಬಿದ್ದ, ಹಾಗಾಗಿ ಅವನದು ತಪ್ಪಿಲ್ಲ ಅಂತ 1868ರಲ್ಲಿ ಕೋರ್ಟು ಹೇಳಿತು. ಯಾರ ತಪ್ಪೂ ಇಲ್ಲ, ದುಡ್ಡು ಮಾತ್ರ ಹೋಯ್ತು! 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಮೊದಲ ಟೈಟಲ್ ವಿಮಾ ಕಂಪನಿ ಹುಟ್ಟಿತು.

ಅದಕ್ಕೆ ಎರಡು ವರ್ಷ ಮುಂಚೆ, 1874ರಲ್ಲಿ, ನಮ್ಮ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತ್ತು. 1853ರಲ್ಲಿ ದಿವಾನರಾದ ಸಾಲಾರ್ ಜಂಗ್ ಜಿಲ್ಲೆ, ತಾಲೂಕು ಅಂತ ಕಂದಾಯದ ವ್ಯವಸ್ಥೆ ಕಟ್ಟಿದ್ದರು. ಆದರೂ ಸಂಸ್ಥಾನದ ಸುಮಾರು ಮೂರನೇ ಒಂದು ಭಾಗ ನೆಲ ಜಾಗೀರುಗಳಲ್ಲೇ ಇತ್ತು. ಜಾಗೀರು ರದ್ದಾದದ್ದು 1949ರಲ್ಲಿ. 1950ರಲ್ಲಿ ಗೇಣಿದಾರರ ಕಾಯ್ದೆ, 1954-55ರಲ್ಲಿ ಖಾಸ್ರಾ ಪಹಣಿ, 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ. ಏಳೇ ವರ್ಷದಲ್ಲಿ ಇಷ್ಟೆಲ್ಲ! ಆಮೇಲೆ 2000ದ ಹೊತ್ತಿಗೆ ಬಂದ ಭೂಮಿ ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿತು. ಆದರೆ ಕೈಬರಹದಲ್ಲಿದ್ದ ತಪ್ಪು ಕಂಪ್ಯೂಟರಿಗೆ ಬಂದಾಕ್ಷಣ ಸರಿಯಾಗಲ್ಲ, ಅಲ್ವಾ?

ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಮಾತು ಇದು. 1908ರ ನೋಂದಣಿ ಕಾಯ್ದೆಯಡಿ ನೋಂದಣಿ ಆಗೋದು ಪತ್ರ, ಒಡೆತನ ಅಲ್ಲ. 1964ರ ಭೂಕಂದಾಯ ಕಾಯ್ದೆ ಪ್ರಕಾರ ಪಹಣಿಯ ನಮೂದು ಕೂಡ ಸುಳ್ಳೆಂದು ಸಾಬೀತಾಗುವ ತನಕ ಮಾತ್ರ ನಿಜ. ಇ.ಸಿ.ಯಲ್ಲಿ ನೋಂದಣಿಯಾದ ವ್ಯವಹಾರವಷ್ಟೇ ಕಾಣುತ್ತೆ. ಬಾಯಿಮಾತಿನ ಪಾಲು, ವಾರಸುದಾರರ ಹಕ್ಕು ಕಾಣಲ್ಲ. 2016ರ ರೇರಾ ಕಾಯ್ದೆಯ 16ನೇ ಸೆಕ್ಷನ್ನಿನಲ್ಲಿ ಟೈಟಲ್ ವಿಮೆಯ ಮಾತಿದೆ. ಆದರೆ ಅದು ಬಿಲ್ಡರುಗಳಿಗೆ, ಅದೂ ಸರ್ಕಾರ ಅಧಿಸೂಚನೆ ಹೊರಡಿಸಿದ ಮೇಲೆ.

ನಮ್ಮ ಪ್ಲಾಟಿನ ಹಳೆ ಕಾಗದ ಉರ್ದುವಿನಲ್ಲಿತ್ತು, ಇಸವಿ ಫಸಲಿಯಲ್ಲಿ (590 ಕೂಡಿಸಿದರೆ ಹೆಚ್ಚುಕಡಿಮೆ ನಮ್ಮ ಇಸವಿ). ಚಿತ್ತಾಪುರದ ಒಬ್ಬ ಹಿರಿಯರ ಹತ್ತಿರ ಓದಿಸಿದೆವು. ಖುಷ್ಕಿ ಜಮೀನು, ಮಾರುವವರ ಅಜ್ಜನ ಹೆಸರು, ಎಲ್ಲ ಸರಿಯಾಗಿತ್ತು. ಕಾಗದ ಮಡಚುತ್ತಾ ಅವರು ಕೇಳಿದ್ರು: "ಇವ್ರ ಮನಿ ನಂಗೊತ್ತದ. ಇವನಿಗಿ ಇಬ್ರು ಅಕ್ಕಂದಿರು ಅದಾರಲ್ಲ? ಒಬ್ಬಾಕಿಗಿ ಶಹಾಬಾದಕ್ಕ ಕೊಟ್ಟಾರ, ಒಬ್ಬಾಕಿಗಿ ಚಿಂಚೋಳಿಗಿ. ಅವ್ರ ಸಹಿ ಎಲ್ಲಿ?"

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ 2005ರಲ್ಲೇ ಕಾಯ್ದೆ ಆಗಿದೆ. ಅಪ್ಪ ಸತ್ತ ಮೇಲೆ ಪಹಣಿಗೆ ಏರಿದ್ದು ಮಗನ ಹೆಸರೊಂದೇ.

ಶಹಾಬಾದದ ಅಕ್ಕ ಸಹಿ ಹಾಕ್ತೀನಿ ಅಂದ್ರು. ಚಿಂಚೋಳಿಯವರು ನಮಗೆ ಚಹಾ ಕೊಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂದೂ ಪಾಲದ ಅಂತ ಮನಿತನಕ ಬಂದು ಹೇಳ್ದೋರು ನೀವೇ ಮೊದಲ್ನೇರು ನೋಡ್ರಿ. ಮೊದಲ ನನ್ ತಮ್ಮ ಬರ್ಲಿ" ಅಂದ್ರು.

ತಮ್ಮ ಇನ್ನೂ ಹೋಗಿಲ್ಲ. ಅಪ್ಪ ದುಡ್ಡು ಕೊಟ್ಟಿಲ್ಲ. ನನಗಂತೂ ಆ ಹಿರಿಯರೇ ನಮ್ಮ ಟೈಟಲ್ ಕಂಪನಿ ಅನ್ನಿಸಿತು. ಆದರೆ ಅಂಥವರು ಇನ್ನೆಷ್ಟು ದಿನ ಸಿಗ್ತಾರೆ?

ನಿಮ್ಮ ಮನೆಯ ಪಹಣಿಯಲ್ಲಿ ಅಕ್ಕ ತಂಗಿಯರ ಹೆಸರಿದೆಯಾ? ಒಮ್ಮೆ ತೆಗೆದು ನೋಡಿ..