ಡ್ರಮ್ಸ್ ನಿಂತ ಮೇಲೆ ಪಿಯಾನೋ: ಜಪಾನಿನ ಮೆಟಲ್ ಹುಡುಗರು ಅತ್ತ ಕಥೆ

ಬಸ್ಸಲ್ಲಿ ಕೂತಿದ್ದೀರೋ, ಮೆಟ್ರೋದಲ್ಲಿ ನಿಂತಿದ್ದೀರೋ ಗೊತ್ತಿಲ್ಲ, ಇಯರ್‌ಫೋನ್ ಒಂದ್ಸಲ ಸರಿ ಮಾಡ್ಕೊಳ್ಳಿ. ಇವತ್ತು ಟೋಕಿಯೋಗೆ ಹೋಗೋಣ.

ದಿನಾಂಕ 1998ರ ಮೇ 7. ಜಾಗ, ತ್ಸುಕಿಜಿ ಹೊಂಗಾನ್‌ಜಿ ಅನ್ನೋ ದೊಡ್ಡ ಬೌದ್ಧ ದೇವಾಲಯ. ಬಂದಿದ್ದು ಸುಮಾರು 50,000 ಜನ. ಹೆಚ್ಚಿನವರು ನಮ್ಮ ನಿಮ್ಮ ವಯಸ್ಸಿನವರು, ಇನ್ನೂ ಚಿಕ್ಕವರೂ ಇದ್ದರು. ಐದು ದಿನದ ಹಿಂದೆ 'ಹಿದೆ' ಅನ್ನೋ ಗಿಟಾರ್ ವಾದಕ ತೀರಿಕೊಂಡಿದ್ದ. ವಯಸ್ಸು 33. ಒಳಗೆ ಅವನ ಗೆಳೆಯ ಯೋಶಿಕಿ ಪಿಯಾನೋ ಮುಂದೆ ಕೂತ. ಕೆಲವೇ ತಿಂಗಳ ಹಿಂದೆ ಬ್ಯಾಂಡ್ ಬಿಟ್ಟು ಹೋಗಿದ್ದ ಗಾಯಕ ತೋಶಿ ಬಂದು ಪಕ್ಕದಲ್ಲಿ ನಿಂತ. ಇಬ್ಬರೂ ಸೇರಿ 'ಫಾರೆವರ್ ಲವ್' ಹಾಡಿದರು.

ಈ ಮೂವರೂ 'ಎಕ್ಸ್ ಜಪಾನ್' ಅನ್ನೋ ಮೆಟಲ್ ಬ್ಯಾಂಡಿನವರು. ಆಕಾಶಕ್ಕೆ ನಿಲ್ಲಿಸಿದ ಕೂದಲು, ಮುಖದ ತುಂಬ ಮೇಕಪ್, ಕಿವಿ ಕಿತ್ತು ಹೋಗೋ ವೇಗದ ಡ್ರಮ್ಸ್. ಅಂಥವರ ಕೈಯಲ್ಲಿ ಗೆಳೆಯನನ್ನು ಕಳಿಸಿಕೊಡೋಕೆ ಇಷ್ಟು ಮೆತ್ತನೆಯ ಹಾಡು ಎಲ್ಲಿಂದ ಬಂತು? ಇವತ್ತಿನ ಎಪಿಸೋಡ್ ಇದೇ.

ಮೊದಲು ಒಂದು ಪದ ಕ್ಲಿಯರ್ ಮಾಡ್ಕೊಳ್ಳೋಣ. 'ಬ್ಯಾಲಡ್' ಅಂತ ನಿಘಂಟಲ್ಲಿ ಹುಡುಕಿದ್ರೆ 'ಲಾವಣಿ' ಅಂತ ಸಿಗುತ್ತೆ. ರಾಕ್ ಲೋಕದಲ್ಲಿ ಅದರ ಅರ್ಥ ಬೇರೆ. ನಿಧಾನ ಲಯದ, ಪ್ರೀತಿ ಇಲ್ಲವೇ ಅಗಲಿಕೆಯ ಹಾಡು. ಸಣ್ಣದಾಗಿ ಶುರುವಾಗಿ, ಕೊನೆಗೆ ಇಡೀ ಬ್ಯಾಂಡು ಬಂದು ತುಂಬಿಕೊಳ್ಳುತ್ತೆ. ಸಾಮಾನ್ಯವಾಗಿ ಮೆಟಲ್ ಆಲ್ಬಮ್‌ನಲ್ಲಿ ಅದು ಕಿವಿಗೆ ಸ್ವಲ್ಪ ರೆಸ್ಟ್ ಇದ್ದ ಹಾಗೆ. ಎಕ್ಸ್ ಜಪಾನ್ ವಿಷಯದಲ್ಲಿ ಮಾತ್ರ ಹಾಗಲ್ಲ ಅನ್ನೋದು ನನ್ನ ವಾದ. ಆ ಬ್ಯಾಂಡಿನ ಅಸಲು ಇದ್ದಿದ್ದೇ ಅಲ್ಲಿ. ಬಿಕಾಂ ಓದಿರೋ ಬಾಯಿ, ಕ್ಷಮಿಸಿ.

ಯೋಶಿಕಿ ಹುಟ್ಟಿದ್ದು 1965ರಲ್ಲಿ, ಚಿಬಾ ಪ್ರಾಂತ್ಯದ ತತೆಯಾಮ ಅನ್ನೋ ಕಡಲ ತೀರದ ಊರಲ್ಲಿ. ಚಿಕ್ಕಂದಿನಿಂದ ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೋ ಕಲಿತ ಹುಡುಗ. ಹತ್ತನೇ ವಯಸ್ಸಿಗೆ ತಂದೆ ಹೋದರು, ತಮ್ಮ ಜೀವ ತಾವೇ ತೆಗೆದುಕೊಂಡರು. ಆ ಪೆಟ್ಟಿನ ಬಗ್ಗೆ ಯೋಶಿಕಿ ದೊಡ್ಡವನಾದ ಮೇಲೆ ಎಷ್ಟೋ ಸಲ ಮಾತಾಡಿದ್ದಾನೆ. ಆಮೇಲೆ ಅಮೆರಿಕದ 'ಕಿಸ್' ಬ್ಯಾಂಡ್ ಹುಚ್ಚು ಹತ್ತಿತು, ಡ್ರಮ್ಸ್ ಕೈಗೆ ಬಂತು. ಶಿಶುವಿಹಾರದ ಕಾಲದ ಗೆಳೆಯ ತೋಶಿ ಜತೆ ಸೇರಿ 1982ರಲ್ಲಿ 'ಎಕ್ಸ್' ಶುರು ಮಾಡಿದ. 'ಜಪಾನ್' ಅನ್ನೋ ಬಾಲ ಸೇರಿದ್ದು 1992ರಲ್ಲಿ.

ನೋಡಿ, ಒಬ್ಬನೇ ಮನುಷ್ಯ, ಎರಡು ವಾದ್ಯ. ಸಿಟ್ಟಿಗೆ ಡ್ರಮ್ಸ್, ದುಃಖಕ್ಕೆ ಪಿಯಾನೋ. ಡ್ರಮ್ಸ್ ಬಾರಿಸಿ ಬಾರಿಸಿ ಕತ್ತು ಹಾಳಾಗಿ 2009ರಲ್ಲಿ ಆಪರೇಷನ್ ಆಯ್ತು. ಪಿಯಾನೋ ಕಡೆಯ ಗಾಯ ಅದಕ್ಕಿಂತ ಹಳೇದು.

1986ರಲ್ಲಿ ಅವನು 'ಎಕ್ಸ್‌ಟಸಿ ರೆಕಾರ್ಡ್ಸ್' ಅನ್ನೋ ಸ್ವಂತ ಕಂಪನಿ ತೆರೆದ. 1988ರಲ್ಲಿ ಮೊದಲ ಆಲ್ಬಮ್ 'ವ್ಯಾನಿಷಿಂಗ್ ವಿಷನ್' ಬಂತು. ಅದರ ಕೊನೆಯಲ್ಲಿ 'ಅನ್‌ಫಿನಿಶ್ಡ್' ಅಂತ ಒಂದು ಬ್ಯಾಲಡ್ ಇದೆ. ಕೇಳ್ತಾ ಕೇಳ್ತಾ ಇರುವಾಗ ಥಟ್ಟನೆ ನಿಂತುಹೋಗುತ್ತೆ. ಫೋನ್ ಹ್ಯಾಂಗ್ ಆಯ್ತಾ ಅನ್ನಿಸುತ್ತೆ. ಇಲ್ಲ, ಹೆಸರೇ ಹೇಳುವ ಹಾಗೆ ಅದು ಮುಗಿಯದ ಹಾಡು. ಮುಂದಿನ ವರ್ಷ 'ಬ್ಲೂ ಬ್ಲಡ್' ಆಲ್ಬಮ್ ಬಂದಾಗ ಅದೇ ಹಾಡು ಪೂರ್ತಿಯಾಗಿ ಕೊನೆಯಲ್ಲಿ ಬಂತು. ಒಂದು ವಿದಾಯ ಹೇಳಿ ಮುಗಿಸೋಕೆ ಎರಡು ಆಲ್ಬಮ್ ಬೇಕಾಯ್ತು.

'ಬ್ಲೂ ಬ್ಲಡ್' ಮುಖಪುಟದಲ್ಲಿ 'ವಿಷುಯಲ್ ಶಾಕ್' ಅನ್ನೋ ಮಾತಿದ್ದ ಘೋಷಣೆ ಇತ್ತು. ಮೇಕಪ್ ಹಾಕ್ಕೊಂಡು ಹಾಡೋ ಈ ಇಡೀ ಪಂಥಕ್ಕೆ 'ವಿಷುಯಲ್ ಕೇ' ಅಂತ ಹೆಸರು ಬಂದದ್ದು ಅಲ್ಲಿಂದಲೇ ಅಂತ ಹೇಳೋರು ಬಹಳ ಮಂದಿ. ಅದೇ ಆಲ್ಬಮ್‌ನಲ್ಲಿ 'ಎಂಡ್‌ಲೆಸ್ ರೇನ್' ಇದೆ. ಅದರ ಕಥೆಗೆ ಕೊನೆಯಲ್ಲಿ ಬರ್ತೀನಿ.

1993ರಲ್ಲಿ 'ಆರ್ಟ್ ಆಫ್ ಲೈಫ್' ಬಂತು. ಒಂದೇ ಹಾಡಿನ ಆಲ್ಬಮ್, 29 ನಿಮಿಷ. ಮಧ್ಯದಲ್ಲಿ ಬ್ಯಾಂಡೆಲ್ಲ ಸುಮ್ಮನಾಗಿ ಎಷ್ಟೋ ನಿಮಿಷ ಪಿಯಾನೋ ಒಂದೇ ನುಡಿಯುತ್ತೆ. ಅದೇ ವರ್ಷದ ಕೊನೆಗೆ 'ಟಿಯರ್ಸ್' ಬಂತು. ತಂದೆಯ ನೆನಪಿನ ನೆರಳು ಅದರ ಮೇಲೂ ಇದೆ.

ಇದು ಒಬ್ಬನ ಕಥೆ ಮಾತ್ರ ಅಂದ್ಕೋಬೇಡಿ. 'ಬಕ್-ಟಿಕ್' ಬ್ಯಾಂಡಿನ ಗಾಯಕ ಅತ್ಸುಶಿ ಸಕುರಾಯ್ ತಾಯಿಯನ್ನು ಕಳೆದುಕೊಂಡ ಮೇಲೆ ಬರೆದದ್ದು 'ಜುಪಿಟರ್', 1991ರದ್ದು. 'ಲೂನಾ ಸೀ' ಬ್ಯಾಂಡಿನ ಮೊದಲ ಆಲ್ಬಮ್ ತಂದದ್ದು ಯೋಶಿಕಿಯ ಕಂಪನಿಯೇ. ಅವರ 'ಐ ಫಾರ್ ಯು' 1998ರಲ್ಲಿ ಎಚ್‌ಐವಿ ತಗುಲಿದ ಹುಡುಗಿಯ ಕಥೆ ಇದ್ದ ಟೀವಿ ಧಾರಾವಾಹಿಯ ಶೀರ್ಷಿಕೆ ಗೀತೆ ಆಯ್ತು. ಮೇಕಪ್ ನೋಡಿ ನಕ್ಕವರ ಮನೆಯ ಟೀವಿಯಲ್ಲೂ ಈ ಹಾಡು ಬಂತು.

ಈಗ 'ಫಾರೆವರ್ ಲವ್'ಗೆ ವಾಪಸ್ ಬರೋಣ. ಈ ಒಂದು ಹಾಡು ಐದು ವರ್ಷದಲ್ಲಿ ಎಷ್ಟು ಕೈ ಬದಲಾಯಿಸಿತು ನೋಡಿ. 1996ರ ಜುಲೈನಲ್ಲಿ ಬಿಡುಗಡೆಯಾಗಿ ಜಪಾನಿನ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯ್ತು. ಆಗ ಅದು 'ಎಕ್ಸ್' ಅನ್ನೋ ಅನಿಮೆ ಚಿತ್ರದ ಹಾಡು. 1997ರ ಡಿಸೆಂಬರ್ 31ಕ್ಕೆ ಟೋಕಿಯೋ ಡೋಮ್‌ನಲ್ಲಿ ಬ್ಯಾಂಡಿನ ಕೊನೆಯ ಶೋ. ಅವತ್ತು ಅದು ಬೇರೆಯಾಗ್ತಿರೋ ಗೆಳೆಯರ ಹಾಡು. ನಾಲ್ಕೇ ತಿಂಗಳಿಗೆ ಶವಸಂಸ್ಕಾರದ ಹಾಡು.

ಆಮೇಲೆ 2001. ಜುನಿಚಿರೋ ಕೊಯಿಝುಮಿ ಪ್ರಧಾನಿ ಆದರು. ಅವರೂ ಎಕ್ಸ್ ಜಪಾನ್ ಅಭಿಮಾನಿ, ಊರು ಯೊಕೊಸುಕಾ. ಹಿದೆ ಹುಟ್ಟಿದ್ದೂ ಅಲ್ಲೇ. ಆ ವರ್ಷ ಅವರ ಪಕ್ಷ, ಲಿಬರಲ್ ಡೆಮಾಕ್ರಟಿಕ್ ಪಾರ್ಟಿ, ಟೀವಿ ಜಾಹೀರಾತಿಗೆ 'ಫಾರೆವರ್ ಲವ್' ಬಳಸಿಕೊಂಡಿತು.

ಇದು ಮೊದಲು ಓದಿದಾಗ ನನಗೆ ಸಿಟ್ಟೇ ಬಂತು. ದೇವಾಲಯದ ಅಂಗಳದಲ್ಲಿ ಆ ಮಕ್ಕಳು ಅತ್ತ ಹಾಡು ವೋಟು ಕೇಳೋಕಾ? ಪ್ರಧಾನಿಯ ಅಭಿಮಾನ ನಿಜವೇ ಇರಬಹುದು. ಆದ್ರೆ ಅಭಿಮಾನ ಬೇರೆ, ಪ್ರಚಾರ ಬೇರೆ. ಹಕ್ಕು ಯಾರದ್ದು ಅಂತ ಕಾಗದದ ಮೇಲೆ ಬರೆದಿರುತ್ತೆ, ಅದನ್ನ ಮಾರಬಹುದು, ಬಾಡಿಗೆಗೂ ಕೊಡಬಹುದು. ಅಂಗಳದಲ್ಲಿ ನಿಂತು ಅತ್ತವರ ಪಾಲು ಯಾವ ಲೆಜರ್‌ನಲ್ಲೂ ಇರಲ್ಲ.

ಆಮೇಲೆ ಯೋಚನೆ ಮಾಡಿದೆ. ಜಾಹೀರಾತು ಒಂದು ಚುನಾವಣೆಗೆ ಮುಗಿದುಹೋಯ್ತು. ಇವತ್ತು ಆ ಹಾಡು ಕೇಳಿದವರಿಗೆ ಪಕ್ಷ ನೆನಪಾಗಲ್ಲ, ಹಿದೆ ನೆನಪಾಗ್ತಾನೆ. ಅಳು ಕೊಟ್ಟು ಕೊಂಡುಕೊಂಡವರ ಹತ್ತಿರ ಹಾಡು ವಾಪಸ್ ಬಂದೇ ಬಂತು.

ಅದಕ್ಕೆ ಸಾಕ್ಷಿ ಬೇಕಾ? 2008ರ ಮಾರ್ಚ್‌ನಲ್ಲಿ ಬ್ಯಾಂಡ್ ಮತ್ತೆ ಟೋಕಿಯೋ ಡೋಮ್ ಹತ್ತಿತು, ತೋಶಿ ಸಮೇತ. ಈ ಬ್ಯಾಂಡಿನ ಯಾವುದಾದ್ರೂ ಶೋದಲ್ಲಿ 'ಎಂಡ್‌ಲೆಸ್ ರೇನ್' ಕೊನೆ ಭಾಗ ನೋಡಿ. ವಾದ್ಯಗಳು ನಿಲ್ತವೆ. ಜನ ನಿಲ್ಲಿಸಲ್ಲ. ಪಲ್ಲವಿ ಮತ್ತೆ, ಮತ್ತೆ, ಮತ್ತೆ. ವೇದಿಕೆ ಮೇಲಿರೋರು ಸುಮ್ಮನೆ ನಿಂತು ಕೇಳ್ತಾರೆ. ಹತ್ತು ವರ್ಷದ ಹುಡುಗನ ಒಳಗೆ ಶುರುವಾದ ದುಃಖ, ಕೊನೆಗೆ ಅವನೇ ಹಾಡಬೇಕಿಲ್ಲ ಅನ್ನೋ ಹಾಗೆ ಹಂಚಿಹೋಗಿದೆ.

ಒಂದು ಮಾತು ಹೇಳದೆ ಮುಗಿಸೋಕಾಗಲ್ಲ. ಹಿದೆ ಹೋದಾಗ ಅಭಿಮಾನಿಗಳ ಸ್ಥಿತಿ ಎಷ್ಟು ಕೆಟ್ಟಿತ್ತು ಅಂದ್ರೆ, ಬ್ಯಾಂಡಿನವರೇ ಮಾಧ್ಯಮದ ಮುಂದೆ ಬಂದು, ದಯವಿಟ್ಟು ಜೀವ ಹಿಡ್ಕೊಳ್ಳಿ ಅಂತ ಕೇಳಿಕೊಳ್ಳಬೇಕಾಯ್ತು. ಹಾಡು ಜತೆಗಿರುತ್ತೆ, ನಿಜ. ಆದ್ರೆ ಅದು ಫೋನ್ ಎತ್ತಿ ಮಾತಾಡಲ್ಲ. ಮನಸ್ಸು ತೀರಾ ಭಾರ ಆದ್ರೆ ಒಬ್ಬರೇ ಕೂರಬೇಡಿ, ಯಾರಾದ್ರೂ ಹತ್ತಿರದವರಿಗೆ ಹೇಳಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416, ಕನ್ನಡದಲ್ಲೂ ಮಾತಾಡ್ತಾರೆ.

ಇವತ್ತಿನ ಹೋಮ್‌ವರ್ಕ್ ಮೂರು ಹಾಡು, ಇದೇ ಕ್ರಮದಲ್ಲಿ: ಮೊದಲ ಆಲ್ಬಮ್‌ನ ಅರ್ಧಕ್ಕೆ ನಿಲ್ಲೋ 'ಅನ್‌ಫಿನಿಶ್ಡ್', ಆಮೇಲೆ 'ಜುಪಿಟರ್', ಕೊನೆಗೆ ಜನ ಹಾಡೋ 'ಎಂಡ್‌ಲೆಸ್ ರೇನ್'. ಕೇಳಿ, ಹೇಗನ್ನಿಸ್ತು ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.