ಜೇಜೂರಿಯ ಜಾತ್ರೆ: ಎರಡು ನುಡಿಗಳ ಒಂದು ಸಂಭ್ರಮ

ಪುಣೆ ನಗರದ ಆಗ್ನೇಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಪುರಂದರ ತಾಲೂಕಿನಲ್ಲಿರುವ ಜೇಜೂರಿಯು ಖಂಡೋಬನ ಕ್ಷೇತ್ರವೆಂದು ಪ್ರಸಿದ್ಧವಾಗಿದೆ. ಕನ್ನಡ ನಾಡಿನಲ್ಲಿ ಇದೇ ದೈವವು ಮೈಲಾರ, ಮೈಲಾರಲಿಂಗ ಎಂಬ ಹೆಸರುಗಳಿಂದಲೂ, ತೆಲುಗು ಸೀಮೆಯಲ್ಲಿ ಮಲ್ಲಣ್ಣನೆಂಬ ಹೆಸರಿನಿಂದಲೂ ಪೂಜೆಗೊಳ್ಳುತ್ತದೆ. ಈ ಸಂಬಂಧವನ್ನು ಗ್ರಂಥಾಧಾರಗಳಿಂದಲೂ ಶಬ್ದಗಳ ವ್ಯುತ್ಪತ್ತಿಯಿಂದಲೂ ಸ್ಥಾಪಿಸುವ ಪ್ರಯತ್ನಗಳು ಸಾಕಷ್ಟು ನಡೆದಿವೆ. ಜಾತ್ರೆಯಲ್ಲಿ ಹಳ್ಳಿಗರು ಪಡುವ ಸಂತೋಷಗಳನ್ನೇ ಚರಿತ್ರೆಯ ಆಕರವಾಗಿ ಓದಬಹುದೇ ಎಂಬುದು ನಾವಿಲ್ಲಿ ಎತ್ತಿಕೊಂಡಿರುವ ಪ್ರಶ್ನೆ.

ಜೇಜೂರಿಯ ವರ್ಷವು ಒಕ್ಕಲುತನದ ಹಾಗೂ ಕುರಿಗಾಹಿಗಳ ವರ್ಷಕ್ಕೆ ಹೊಂದಿಕೊಂಡಿದೆ. ಮಾರ್ಗಶಿರ ಶುದ್ಧ ಪಾಡ್ಯದಿಂದ ಆರು ದಿನ ನಡೆಯುವ ಉತ್ಸವವು ಚಂಪಾಷಷ್ಠಿಯಂದು ಮುಗಿಯುತ್ತದೆ. ಚಾತುರ್ಮಾಸದಲ್ಲಿ ಬದನೆಕಾಯಿ, ಉಳ್ಳಾಗಡ್ಡಿಗಳನ್ನು ಬಿಟ್ಟವರು ಅಂದು ಸುಟ್ಟ ಬದನೆಯ ಭರೀತವನ್ನೂ ಸಜ್ಜೆಯ ರೊಟ್ಟಿಯನ್ನೂ ದೇವರಿಗೆ ಎಡೆಮಾಡಿ ತಾವೂ ಉಣ್ಣುತ್ತಾರೆ. ಪುಷ್ಯದ ಹುಣ್ಣಿಮೆಗೆ ಕತ್ತೆಗಳ ಸಂತೆ ಸೇರುತ್ತದೆ. ಬೇಲ್ದಾರ, ಕುಂಬಾರ, ವೈದು, ಕೈಕಾಡಿ ಮೊದಲಾದ ಸಮುದಾಯಗಳಿಗೆ ಈ ಸಂತೆ ಬರಿಯ ವ್ಯಾಪಾರವಲ್ಲ. ಅಲೆಮಾರಿ ಬಂಧುಗಳು ಒಂದೆಡೆ ಕಲೆಯುವ ಸಂದರ್ಭವೂ ಹೌದು. ಮಾಘದ ಹುಣ್ಣಿಮೆಗೆ ಎತ್ತರವಾದ ಕಾಠಿಗಳನ್ನು ಹೊತ್ತ ಮೆರವಣಿಗೆಗಳು ಬೆಟ್ಟವನ್ನೇರುತ್ತವೆ. ಸೋಮವತಿ ಅಮಾವಾಸ್ಯೆಯಂದು ಪಲ್ಲಕ್ಕಿಯು ಕರ್ಹಾ ನದಿಗೆ ಇಳಿಯುತ್ತದೆ. ಎಲ್ಲೆಲ್ಲೂ ಭಂಡಾರವೆಂಬ ಅರಿಸಿನದ ಪುಡಿ ತೂರಲ್ಪಟ್ಟು ಮೆಟ್ಟಿಲು, ಗೋಡೆ, ಮೈ, ಬಟ್ಟೆ ಸಮಸ್ತವೂ ಹಳದಿಯಾಗುತ್ತದೆ.

ಈ ಸಂಭ್ರಮವನ್ನು ಕನ್ನಡ ಕ್ಷೇತ್ರಗಳ ಜಾತ್ರೆಗಳೊಡನೆ ಇಟ್ಟು ನೋಡಿದಾಗ ಹೋಲಿಕೆಗಳು ಸ್ಪಷ್ಟವಾಗುತ್ತವೆ. ಮಾಘದ ಹುಣ್ಣಿಮೆಯೇ ಕನ್ನಡಿಗರ ಭಾರತ ಹುಣ್ಣಿಮೆ. ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಆ ಜಾತ್ರೆಯ ಅಂಗವಾಗಿ ಗೊರವಯ್ಯನು ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ನೆರೆದ ಜನ ಆ ಒಂದು ಮಾತಿನಲ್ಲಿ ಮಳೆಬೆಳೆಗಳ ಮುನ್ಸೂಚನೆಯನ್ನು ಹುಡುಕುತ್ತಾರೆ. ದಸರೆಯಲ್ಲಿ ಜೇಜೂರಿಯ ಭಕ್ತರು ಭಾರವಾದ ಖಂಡೆಯನ್ನೆತ್ತಿ ಬಲಪ್ರದರ್ಶನ ಮಾಡಿದರೆ, ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲೂ ಅದೇ ಹಬ್ಬಕ್ಕೆ ಜನ ಸೇರುತ್ತಾರೆ. ಗೊರವರ ಸರಪಳಿ ಪವಾಡವು ಜೇಜೂರಿಯ ವಾಘ್ಯಾಗಳಲ್ಲಿ ಲಂಗರು ಹರಿಯುವ ಆಚರಣೆಯಾಗಿ ಕಾಣಸಿಗುತ್ತದೆ. ದೇವರ ನಾಯಿಗಳಾಗಿ ಬೊಗಳುವುದು ಎರಡೂ ಕಡೆ ಭಕ್ತಿಯೂ ಹೌದು, ನೋಡುವವರಿಗೆ ವಿನೋದವೂ ಹೌದು. ಮರಾಠಿಗರ ‘ಯೇಳಕೋಟ’ ಎಂಬ ಘೋಷವಂತೂ ಕನ್ನಡದ ‘ಏಳುಕೋಟಿ’ಯೇ. ಕನ್ನಡವನ್ನು ಅರಿಯದ ಲಕ್ಷಾಂತರ ಜನರು ಆ ಕನ್ನಡ ನುಡಿಯನ್ನು ಹರ್ಷದಿಂದ ಕೂಗುತ್ತಾರೆ.

ಜಾತ್ರೆಯ ಹಾಡುಗಳಲ್ಲಿ ಹೆಚ್ಚು ನಗು ತರಿಸುವುದು ದೇವರ ಇಬ್ಬರು ಹೆಂಡಿರ ಜಗಳ. ಮ್ಹಾಳಸೆಯು ಲಿಂಗಾಯತ ವಾಣಿಗರ ಮಗಳು. ಬಾನಾಯಿಯು ಧನಗರರ ಹುಡುಗಿ. ಮೈಲಾರನಿಗೂ ಗಂಗಿಮಾಳವ್ವ, ಕುರುಬತ್ತೆವ್ವ ಎಂಬ ಇಬ್ಬರು. ಜೇಜೂರಿಯಲ್ಲಿ ಮ್ಹಾಳಸೆಗೆ ಗರ್ಭಗುಡಿಯಲ್ಲಿ ಸ್ಥಾನ. ಬಾನಾಯಿಯ ಗುಡಿಯು ಬೆಟ್ಟದ ನಡುದಾರಿಯಲ್ಲಿದೆ. ನೆಲೆಯಾಗಿ ನಿಂತ ಊರಿಗೂ ಮಂದೆಯೊಡನೆ ಅಲೆಯುವ ಅಡವಿಗೂ ಇದ್ದ ಕೊಡುಕೊಳೆ ಮತ್ತು ತಿಕ್ಕಾಟಗಳನ್ನು ಈ ಸವತಿಯರ ಕಥೆ ಕಾಪಿಟ್ಟುಕೊಂಡಿದೆ ಎಂದು ನಾವು ಭಾವಿಸುತ್ತೇವೆ. ಯಾವ ದಫ್ತರದಲ್ಲೂ ದಾಖಲಾಗದ ಸಂಗತಿಯು ನಗೆಯ ರೂಪದಲ್ಲಿ ಉಳಿದುಬಂದಿದೆ.

ಈ ದಿಕ್ಕಿನಲ್ಲಿ ಪೂರ್ವಸೂರಿಗಳ ಕೆಲಸ ಸ್ಮರಣೀಯ. ಪುಣೆಯಲ್ಲಿದ್ದು ಸಂಶೋಧನೆ ನಡೆಸಿದ ರಾಮಚಂದ್ರ ಚಿಂತಾಮಣ ಢೇರೆಯವರು 1961ರಲ್ಲಿ ‘ಖಂಡೋಬಾ’ ಗ್ರಂಥವನ್ನು ಪ್ರಕಟಿಸಿದರು. ಶಂ. ಬಾ. ಜೋಶಿಯವರು ಕನ್ನಡ-ಮರಾಠಿ ಸಂಸ್ಕೃತಿಗಳ ಸಮಾನ ಮೂಲವನ್ನು ಶೋಧಿಸಿದರು. ಜರ್ಮನಿಯ ಗುಂಟರ್ ಸೋಂಥೈಮರ್ ಅವರು ಧನಗರರೊಡನೆ ನಡೆದಾಡಿ, ಅವರ ಹಾಡುಗಬ್ಬಗಳನ್ನು ಸಂಗ್ರಹಿಸಿದರು. 12ನೆಯ ಶತಮಾನದ ಬ್ರಹ್ಮಶಿವನು ‘ಸಮಯಪರೀಕ್ಷೆ’ಯಲ್ಲಿ ಮೈಲಾರನನ್ನು ಪ್ರಸ್ತಾಪಿಸಿರುವುದರಿಂದ ಕನ್ನಡದಲ್ಲಿ ಈ ಆರಾಧನೆಯ ಪ್ರಾಚೀನತೆಯೂ ತಿಳಿಯುತ್ತದೆ. ಆದರೆ ಇಷ್ಟರಿಂದಲೇ ಖಂಡೋಬನನ್ನು ‘ನಮ್ಮವನು’ ಎಂದು ಸಾಧಿಸಹೊರಡುವುದು ಸಲ್ಲದು. 1956ರ ರಾಜ್ಯ ಪುನರ್ವಿಂಗಡಣೆಯ ಗೆರೆಯನ್ನು ಹಿಂದಿನ ಶತಮಾನಗಳ ಮೇಲೆ ಎಳೆಯಲಾಗದು. ಅಥಣಿ ಸೀಮೆಯ ಮಂಗಸೂಳಿಯ ಖಂಡೋಬನಿಗೆ ಇಂದಿಗೂ ಎರಡು ನುಡಿಗಳ ಒಕ್ಕಲುಗಳಿವೆ.

ಜಾತ್ರೆಯ ಸಂತೋಷವು ಎಲ್ಲರಿಗೂ ಸಮನಾಗಿರಲಿಲ್ಲವೆಂಬುದನ್ನೂ ಹೇಳಲೇಬೇಕು. ಹರಕೆಗಾಗಿ ದೇವರಿಗೆ ಬಿಡಲ್ಪಟ್ಟ ಹೆಣ್ಣುಮಕ್ಕಳು ಮುರಳಿಯರಾಗಿ ರಾತ್ರಿಯಿಡೀ ಹಾಡಿ ಕುಣಿದರು. ನೋಡುವವರ ರಂಜನೆಯು ಅವರ ಪಾಲಿಗೆ ಬಿಡುಗಡೆಯಿಲ್ಲದ ಬದುಕಾಯಿತು. ಕನ್ನಡ ನೆಲದ ಜಮಖಂಡಿಯಲ್ಲಿ 1873ರಲ್ಲಿ ಹುಟ್ಟಿ, ಪುಣೆಯನ್ನು ಕರ್ಮಭೂಮಿಯಾಗಿಸಿಕೊಂಡ ವಿಠ್ಠಲ ರಾಮಜಿ ಶಿಂದೆಯವರು ಈ ಪದ್ಧತಿಯ ವಿರುದ್ಧ ಹೋರಾಡಿದರು. 1934ರಲ್ಲಿ ಮುಂಬಯಿ ಪ್ರಾಂತ್ಯದಲ್ಲೂ 1982ರಲ್ಲಿ ಕರ್ನಾಟಕದಲ್ಲೂ ಹೆಣ್ಣನ್ನು ದೇವರಿಗೆ ಅರ್ಪಿಸುವುದನ್ನು ನಿಷೇಧಿಸುವ ಕಾನೂನುಗಳು ಬಂದವು. ಗ್ರಾಮಜೀವನದ ಆನಂದವನ್ನು ಬಣ್ಣಿಸುವ ಚರಿತ್ರಕಾರನು ಆ ಆನಂದದ ಬೆಲೆಯನ್ನು ತೆತ್ತವರು ಯಾರೆಂದು ಕೇಳದಿದ್ದರೆ ಅವನ ಬರವಣಿಗೆ ಅರೆಯಾಗುತ್ತದೆ.

ಹೀಗೆ ಜಾತ್ರೆಯ ಊಟ, ಸಂತೆ, ಕೂಗು, ಜಗಳಗಳು ಅಲಕ್ಷಿಸಬಹುದಾದ ಮನರಂಜನೆಗಳಲ್ಲ. ಅವುಗಳಲ್ಲಿ ಎರಡು ಭಾಷಿಕ ಸಮುದಾಯಗಳ ಸಹಬಾಳ್ವೆಯ ಚರಿತ್ರೆ ಅಡಗಿದೆ. ವಾಘ್ಯಾನ ಜಾಗರಣದ ಹಾಡನ್ನೂ ಗೊರವನ ಹಾಡನ್ನೂ ಜೊತೆಗಿಟ್ಟು ಕೇಳಬಲ್ಲ ಅಭ್ಯಾಸಿಗಳು ಇಂದು ವಿರಳ. ಹೊರನಾಡಿನಲ್ಲಿದ್ದು ಎರಡೂ ನುಡಿಗಳ ಪರಿಚಯವುಳ್ಳ ಸಂಶೋಧಕರಿಗೆ ಈ ಕಾರ್ಯವು ಸಹಜವಾಗಿ ಒದಗಬಲ್ಲದು. ಹಾಡುವವರು ಇರುವಾಗಲೇ ಅದನ್ನು ಕೈಗೆತ್ತಿಕೊಳ್ಳುವುದು ಅಗತ್ಯವೆಂದು ನಮ್ಮ ಅಭಿಪ್ರಾಯ.